ಹನ್ನೆರಡಕ್ಕೆ ಒಂದು

ಕೇಳುಗರಿಗೆ ನಮಸ್ಕಾರ.

ಇವತ್ತು ನಾನು ಮಾತಾಡುವುದು ಫೋಟೋಗಳ ಬಗ್ಗೆ. ಬಾನುಲಿಯಲ್ಲಿ ಫೋಟೋ ತೋರಿಸುವುದು ಹೇಗಪ್ಪಾ ಅಂತ ನಿಮಗೆ ನಗು ಬರಬಹುದು. ಚಿಂತೆ ಬೇಡ. ತೋರಿಸುವಂಥ ಫೋಟೋ ನನ್ನ ಹತ್ತಿರ ಇರುವುದೇ ಒಂದು.

ನಾನು ಬೆಳೆದದ್ದು ಮೈಸೂರಿನ ಚಾಮರಾಜಪುರಂನಲ್ಲಿ. ಮನೆಯಿಂದ ಸ್ಟೇಷನ್ನಿಗೆ ಐದು ನಿಮಿಷದ ದಾರಿ. ಆಗಿನ್ನೂ ಮೀಟರ್ ಗೇಜ್, ಅಂದರೆ ಒಂದು ಮೀಟರ್ ಅಗಲದ ಹಳಿ. ನಂಜನಗೂಡು, ಚಾಮರಾಜನಗರದ ಕಡೆಗೆ ಹೋಗುವ ಗಾಡಿಗಳ ಕೂಗು ನಮ್ಮ ಅಡುಗೆಮನೆಗೂ ಕೇಳಿಸುತ್ತಿತ್ತು. ಕೂಗು ಕೇಳಿದ್ದೇ ತಡ, ನಾನು ಲೆಕ್ಕದ ಪುಸ್ತಕ ಹಿಡಿದು ಓಡುತ್ತಿದ್ದೆ. ಕೊನೆಯ ಹಾಳೆಗಳಲ್ಲಿ ಇಂಜಿನ್ ನಂಬರು ಬರೆದುಕೊಳ್ಳುವುದು ನನ್ನ ಹುಚ್ಚು. ಯಾಕೆ ಅಂತ ಕೇಳಿದರೆ ಉತ್ತರ ಇಲ್ಲ. ಕೆಲವರು ಬೆಂಕಿಪೊಟ್ಟಣ ಕೂಡಿಡುವುದಿಲ್ಲವೇ, ಹಾಗೆ ಸುಮ್ನೆ.

ನಮ್ಮ ಸೋದರಮಾವ ರೈಲಿನಲ್ಲಿ ಫೈರ್‌ಮನ್, ಅಂದರೆ ಇಂಜಿನ್ನಿನ ಒಲೆಗೆ ಕಲ್ಲಿದ್ದಲು ಹಾಕುವವರಾಗಿದ್ದರು. ಇಂಜಿನ್ ಗುರುತು ಹಿಡಿಯುವುದನ್ನು ಕಲಿಸಿದ್ದು ಅವರೇ. ಪ್ಯಾಸೆಂಜರ್ ಎಳೆಯುವುದು ವೈಪಿ. ಅದರ ದೊಡ್ಡ ಗಾಲಿ ಆರು, ಒಂದೊಂದೂ ನಾಲ್ಕೂವರೆ ಅಡಿ. ಗೂಡ್ಸಿಗೆ ವೈಜಿ. ಅದಕ್ಕೆ ಎಂಟು ಗಾಲಿ, ಎತ್ತರ ನಾಲ್ಕೇ ಅಡಿ. ಗಾಲಿ ಚಿಕ್ಕದಾದಷ್ಟೂ ಓಟ ಕಡಿಮೆ, ಎಳೆತ ಜಾಸ್ತಿ. ಒಂದು ದಿನ ಮಾವ ಹೇಳಿದರು, "ಇಲ್ಲಿ ಏನ್ ನೋಡ್ತೀಯೋ, ಎಲ್ಲ ಮಟ್ಟಸವಾದ ಹಳಿ. ಇಂಜಿನ್ ಬೆವರು ಸುರಿಸೋದು ನೋಡ್ಬೇಕಾದ್ರೆ ಊಟಿ ಬೆಟ್ಟದ ರೈಲು ಏರೋ ಕೂನೂರಿಗೆ ಹೋಗು."

1978ರಲ್ಲಿ ಹೋದೆ. ಕೈಯಲ್ಲಿ ಚಿಕ್ಕಪ್ಪನ ಹತ್ತಿರ ಬೇಡಿ ತಂದ ಆಗ್ಫಾ ಕ್ಲಿಕ್ ತ್ರೀ. ಜೇಬಿನಲ್ಲಿ 'ಇಂದು' ಅನ್ನುವ ಹೆಸರಿನ ಫಿಲ್ಮ್ ರೋಲು, ಒಂದೇ ಒಂದು. ಹನ್ನೆರಡು ಫೋಟೋ, ಅಷ್ಟೇ. ಆ ರೋಲು ತಯಾರಾಗುತ್ತಿದ್ದದ್ದು ಊಟಿಯ ಕಾರ್ಖಾನೆಯಲ್ಲಿ. ಅಲ್ಲಿ ಹುಟ್ಟಿ ಮೈಸೂರಿನ ಅಂಗಡಿಗೆ ಬಂದದ್ದು, ನನ್ನ ಜೊತೆ ಗುಂಡ್ಲುಪೇಟೆ, ಬಂಡೀಪುರ, ಗೂಡಲೂರು ದಾಟಿ ಮತ್ತೆ ಅದೇ ಬೆಟ್ಟ ಹತ್ತಿತು. ತವರಿಗೆ ಹೋದ ಹಾಗೆ.

ಬೆಟ್ಟದ ಬುಡದ ಮೆಟ್ಟುಪಾಳಯಂನಿಂದ ಕೂನೂರಿಗೆ 28 ಕಿಲೋಮೀಟರ್. ಅಷ್ಟರಲ್ಲಿ ಗಾಡಿ ಸುಮಾರು 325 ಮೀಟರಿನಿಂದ 1,700 ಮೀಟರ್ ಎತ್ತರಕ್ಕೆ ಏರಬೇಕು. ಕಡಿದಾದ ಕಡೆ ಏರು ಹನ್ನೆರಡಕ್ಕೆ ಒಂದು. ಅಂದರೆ ಹನ್ನೆರಡು ಅಡಿ ಮುಂದೆ ಹೋಗುವಷ್ಟರಲ್ಲಿ ಒಂದು ಅಡಿ ಮೇಲೆ. ಕೇಳುವುದಕ್ಕೆ ಏನೂ ಅನ್ನಿಸುವುದಿಲ್ಲ. ಆಸ್ಪತ್ರೆ ಬಾಗಿಲಲ್ಲಿ ಗಾಲಿಕುರ್ಚಿಗೆ ಅಂತ ಇಳಿಜಾರು ಕಟ್ಟಿರುತ್ತಾರಲ್ಲ, ಅದರ ಲೆಕ್ಕವೂ ಇದೇ. ಆ ಇಳಿಜಾರಿನಲ್ಲಿ ಅಜ್ಜಿಯನ್ನು ಕೂರಿಸಿ ತಳ್ಳಿದ್ದೀರಾ? ಹತ್ತು ಹೆಜ್ಜೆಗೆ ತೋಳು ಸೋಲುತ್ತದೆ. ಈ ಇಂಜಿನ್ನು ಇಡೀ ಗಾಡಿಯನ್ನು ಹಾಗೆ ಮೈಲಿಗಟ್ಟಲೆ ತಳ್ಳಬೇಕು.

ತಳ್ಳಬೇಕು ಅಂದೆ. ನಾನು ಎಡವಿದ್ದೇ ಅಲ್ಲಿ.

ಕೂನೂರಿನಿಂದ ಕೆಳಗೆ ರನ್ನಿಮೀಡ್ ಸ್ಟೇಷನ್ನಿನ ಕಡೆಗೆ ಹಳಿ ಪಕ್ಕದಲ್ಲೇ ನಡೆದು ಹೋದೆ. ಈಗ ಯಾರೂ ಹಾಗೆ ಮಾಡಬೇಡಿ, ತಪ್ಪು. ಆನೆಗಳೂ ಇವೆ. ಒಂದು ತಿರುವಿನಲ್ಲಿ ಕ್ಯಾಮೆರಾ ಹಿಡಿದು ನಿಂತೆ. ಕಣಿವೆಯಿಂದ ಬುಸುಬುಸು ಸದ್ದು ಬಂತು. ಹತ್ತಿರವಾಯಿತು. ತಿರುವಿನಲ್ಲಿ ನೋಡಿದರೆ ಇಂಜಿನ್ನೇ ಇಲ್ಲ! ನೀಲಿ ಬೋಗಿಯೊಂದು ತಾನಾಗಿಯೇ ಏರಿ ಬರುತ್ತಿದೆ. ಅದರ ಮುಂದಿನ ಕಟ್ಟೆಯ ಮೇಲೆ ಬಾವುಟ ಹಿಡಿದು ಒಬ್ಬ ಆಸಾಮಿ ನಿಂತಿದ್ದಾನೆ. ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಂತೆ ಬೋಗಿಗಳೆಲ್ಲ ದಾಟಿ ಹೋದವು. ಕಟ್ಟಕಡೆಗೆ ಇಂಜಿನ್ ಬಂತು, ಹೋಯಿತು. ಗಾಬರಿಯಲ್ಲಿ ಒತ್ತಿದ್ದಕ್ಕೆ ಸಿಕ್ಕಿದ್ದು ಅದರ ಬೆನ್ನು.

ಆಮೇಲೆ ಕೂನೂರಿನ ಚಹಾ ಅಂಗಡಿಯಲ್ಲಿ ಒಬ್ಬ ಹಿರಿಯರು ಸಿಕ್ಕಿದರು. ನೀಲಗಿರಿಯ ಬಡಗ ಜನಾಂಗದವರು, ಅದೇ ಗಾಡಿಯಲ್ಲಿ ಬ್ರೇಕ್ಸ್‌ಮನ್ ಆಗಿದ್ದು ರಿಟೈರ್ ಆದವರು. ಅವರ ಬಡಗ ಮಾತು ನಮ್ಮ ಕನ್ನಡಕ್ಕೆ ಹತ್ತಿರ. ಅರ್ಧ ಅರ್ಥವಾಯಿತು, ಇನ್ನರ್ಧ ಅವರ ಕೈ ನೋಡಿ ತಿಳಿದುಕೊಂಡೆ. ಏರುವಾಗ ಇಂಜಿನ್ ಯಾವಾಗಲೂ ಕೆಳಗಡೆ ಇರುತ್ತದಂತೆ. ಕೊಂಡಿ ಕಳಚಿದರೂ ಬೋಗಿಗಳು ಉರುಳಿ ಹೋಗದ ಹಾಗೆ ಅದೇ ಅಡ್ಡ ನಿಂತಿರುತ್ತದೆ. ಒಂದೊಂದು ಬೋಗಿಗೂ ಒಬ್ಬ ಬ್ರೇಕ್ಸ್‌ಮನ್. ಡ್ರೈವರ್ ಸಿಳ್ಳೆಯಲ್ಲಿ ಹೇಳಿದಂತೆ ಅವರು ಕೈಯಿಂದಲೇ ಬ್ರೇಕ್ ತಿರುಗಿಸಬೇಕು.

ಹಳಿಗಳ ನಡುವೆ ಹಲ್ಲಿನ ಕಂಬಿ ಇದ್ದದ್ದನ್ನು ನಾನು ನೋಡಿದ್ದೆ. ಒಂದಲ್ಲ, ಜೋಡಿ. ಒಂದರ ಹಲ್ಲು ಇರುವ ಕಡೆ ಇನ್ನೊಂದರಲ್ಲಿ ಸಂದು. ಯಾಕೆ ಹೀಗೆ ಅಂತ ಕೇಳಿದೆ. ಅವರು ಬಾವಿಯಿಂದ ನೀರು ಸೇದುವ ಹಾಗೆ ಕೈ ಮಾಡಿ ತೋರಿಸಿದರು. ಒಂದು ಕೈ ಬಿಡುವ ಮೊದಲೇ ಇನ್ನೊಂದು ಕೈ ಹಗ್ಗ ಹಿಡಿದಿರುತ್ತದೆ, ಅಲ್ವಾ? ಇಂಜಿನ್ನಿನ ಹಲ್ಲುಚಕ್ರವೂ ಹಾಗೆಯೇ. ಯಾವ ಕ್ಷಣದಲ್ಲೂ ಹಿಡಿತ ತಪ್ಪುವುದಿಲ್ಲ. ಈ ಎಕ್ಸ್ ಕ್ಲಾಸ್ ಇಂಜಿನ್‌ಗಳಿಗೆ ಸಿಲಿಂಡರ್ ನಾಲ್ಕು. ಕೆಳಗಿನ ಎರಡು ಗಾಲಿ ತಿರುಗಿಸುತ್ತವೆ. ಅಲ್ಲಿ ದುಡಿದು ಬಂದ ಉಗಿಯನ್ನೇ ಮೇಲಿನ ಎರಡಕ್ಕೆ ಬಿಡುತ್ತಾರೆ. ಅವು ಹಲ್ಲುಚಕ್ರ ತಿರುಗಿಸುತ್ತವೆ. ಮೇಲಿನ ಸರಳುಗಳದು ಒಂದು ತಾಳ, ಕೆಳಗಿನವುಗಳದು ಇನ್ನೊಂದು. ಒಬ್ಬರ ಹಾಡಿಗೆ ಇಬ್ಬರು ಬೇರೆ ಬೇರೆ ಮೃದಂಗ ಬಾರಿಸಿದ ಹಾಗೆ.

ಎರಡನೇ ಸಲ ಹೋದದ್ದು ಬೇಸಿಗೆಯಲ್ಲಿ. ಆ ರೋಲಿನ ಬಗ್ಗೆ ಹೇಳುವಂಥದ್ದು ಏನೂ ಇಲ್ಲ. ಉರಿ ಬಿಸಿಲು, ಕಪ್ಪು ಇಂಜಿನ್. ಪ್ರಿಂಟಿನಲ್ಲಿ ಬಂದದ್ದು ಇದ್ದಿಲಿನ ಗುಡ್ಡೆ. ಉಗಿಯ ಸುಳಿವೇ ಇಲ್ಲ. ಉಗಿ ಬೆಳ್ಳಗೆ ಕಾಣಬೇಕಾದರೆ ಗಾಳಿ ತಣ್ಣಗಿರಬೇಕು ಅಂತ ಮಾವ ಆಮೇಲೆ ಹೇಳಿದರು. ಮೊದಲೇ ಹೇಳಬಾರದಿತ್ತೇ!

ಹಾಗಾಗಿ ಮೂರನೇ ಸಲ ಡಿಸೆಂಬರ್. ಚಳಿಗೆ ಬೆರಳು ಮಡಚಲು ಬರುತ್ತಿರಲಿಲ್ಲ. ಈ ಸಲ ಜಾಗ ಯೋಚಿಸಿ ಹಿಡಿದಿದ್ದೆ. ಗಾಡಿ ದಾರಿಯಲ್ಲಿ ನೀರು ಕುಡಿಯಲು ನಿಲ್ಲುತ್ತದೆ. ನಿಂತ ಗಾಡಿಯನ್ನು ಏರಿನಲ್ಲಿ ಮತ್ತೆ ಹೊರಡಿಸುವುದೇ ಇಂಜಿನ್ನಿಗೆ ದೊಡ್ಡ ಕಷ್ಟ. ನೀರಿನ ಕಂಬದಿಂದ ಸ್ವಲ್ಪ ಮೇಲೆ ನಿಂತೆ. ನನ್ನ ಕ್ಯಾಮೆರಾ ಓಡುವ ನಾಯಿಯನ್ನೂ ಹಿಡಿಯುವಂಥದ್ದಲ್ಲ. ಆದರೆ ಈ ಗಾಡಿ ಗಂಟೆಗೆ ಹತ್ತು ಕಿಲೋಮೀಟರಿನ ಆಸುಪಾಸಿನಲ್ಲಿ ತೆವಳುತ್ತದೆ, ಹೊರಡುವಾಗ ಇನ್ನೂ ನಿಧಾನ. ಒಂದು ಒತ್ತಿ, ರೋಲು ತಿರುಗಿಸಿ, ಹಿಂದಿನ ಕೆಂಪು ಕಿಂಡಿಯಲ್ಲಿ ನಂಬರು ನೋಡಿ, ಪಕ್ಕದಲ್ಲೇ ನಡೆದು ಮತ್ತೆ ಒತ್ತಬಹುದಿತ್ತು. ಗಾಡಿಗೂ ನನಗೂ ಒಂದೇ ನಡಿಗೆ. ಒಬ್ಬ ಬ್ರೇಕ್ಸ್‌ಮನ್ ನನ್ನನ್ನು ನೋಡಿ ನಗುತ್ತಾ ಹೊರಗೆ ಬಾಗಿದ. ಅವನ ಹಿಂದೆ ತಿರುವಿನಲ್ಲಿ ಇಂಜಿನ್, ಎರಡು ಸಾಲು ಸರಳು, ಅರ್ಧ ಉಗಿ, ಅರ್ಧ ಬಿಸಿಲು. ಒತ್ತಿದೆ. ಅದೇ ಆ ಒಂದು.

ಆ ಇಂಜಿನ್‌ಗಳ ಜಾತಿ ಅಳಿದಿಲ್ಲ. ಕೆಲವು ಎಣ್ಣೆ ಉರಿಸುವುದಕ್ಕೆ ಬದಲಾದವು. ತಿರುಚ್ಚಿಯ ಪೊನ್ಮಲೈ ಕಾರ್ಖಾನೆಯಲ್ಲಿ ಹೊಸವನ್ನೂ ಕಟ್ಟಿದ್ದಾರೆ. 2005ರಲ್ಲಿ ಯುನೆಸ್ಕೋ ಪಟ್ಟಿಗೂ ಆ ದಾರಿ ಸೇರಿತು. ನಮ್ಮ ವೈಪಿ, ವೈಜಿಗಳಿಗೆ ಆ ಅದೃಷ್ಟ ಇರಲಿಲ್ಲ. ನಮ್ಮೂರಲ್ಲಿ ಉಗಿ ಇಂಜಿನ್ ನೋಡಬೇಕಾದರೆ ಈಗ ರೈಲು ಮ್ಯೂಸಿಯಮ್ಮಿಗೆ ಹೋಗಬೇಕು. ಅಲ್ಲಿ ಎಲ್ಲ ಮಟ್ಟಸವಾದ ಹಳಿಯ ಮೇಲೆ ನಿಂತಿವೆ.

ಆ ಮೂರನೇ ರೋಲು ತೊಳೆಸಿ ಮನೆಗೆ ತಂದ ದಿನ ಅಮ್ಮ ಹನ್ನೆರಡೂ ಪ್ರಿಂಟನ್ನು ಊಟದ ಎಲೆ ಹಾಕಿದ ಹಾಗೆ ನೆಲದ ಮೇಲೆ ಸಾಲಾಗಿ ಹರಡಿದಳು. ಬ್ರೇಕ್ಸ್‌ಮನ್ ನಗುವ ಫೋಟೋ ನೋಡಿ, "ಯಾರೋ ಪಾಪ, ಚಳೀಲಿ ನಿಂತಿದ್ದಾನೆ" ಅಂದಳು. ಮುಂದಿನದನ್ನು ಎತ್ತಿಕೊಂಡಳು. ಅದರಲ್ಲಿ ಉಗಿ ಕ್ಯಾಮೆರಾವನ್ನೇ ನುಂಗಿತ್ತು. ಅಂಚಿನಿಂದ ಅಂಚಿಗೆ ಬರೀ ಬಿಳುಪು. ಹಿಂದೆ ಮುಂದೆ ತಿರುಗಿಸಿ ನೋಡಿ ಕೇಳಿದಳು:

"ಮೂರು ಸಲ ಬಸ್ ಚಾರ್ಜ್ ಕೊಟ್ಟು ಹೋಗಿ ಹೊಗೆ ತೆಗ್ದಿದ್ದೀಯಲ್ಲೋ. ಅದು ನಮ್ಮನೆ ಒಲೇಲಿ ಇರ್ಲಿಲ್ವಾ?"