ಹೊಟ್ಟೆಯೊಳಗಿನ ನೀರುಗಂಟಿ

ನನ್ನ ಫೋನಿನಲ್ಲಿ ಒಂದು ಆ್ಯಪ್ ಇತ್ತು. ಗಂಟೆಗೊಮ್ಮೆ ಟಿಂಗ್ ಅಂತ ಸದ್ದು ಮಾಡಿ, "ನೀರು ಕುಡಿದ್ರಾ?" ಅಂತ ಕೇಳುತ್ತಿತ್ತು. ಮೂರು ವಾರ ಅದರ ಮಾತು ಕೇಳಿದೆ, ದಿನಕ್ಕೆ ನಾಲ್ಕು ಲೀಟರ್ ಕುಡಿದೆ. ಆದ ಲಾಭ ಒಂದೇ: ಆಫೀಸಿನಲ್ಲಿ ಯಾವ ಮಹಡಿಯ ಟಾಯ್ಲೆಟ್ ಚೊಕ್ಕಟವಾಗಿದೆ ಅಂತ ಗೊತ್ತಾಯಿತು. ಆಮೇಲೆ ಆ್ಯಪ್ ತೆಗೆದುಹಾಕಿದೆ. ಅದರ ಕೆಲಸ ಮಾಡಲು ನನ್ನೊಳಗೆ ಮೊದಲೇ ಒಬ್ಬ ನೀರುಗಂಟಿ ಇದ್ದಾನೆ.

ನೀರುಗಂಟಿ ಗೊತ್ತಲ್ವಾ? ಕೆರೆಯ ತೂಬು ಎತ್ತಿ ಇಳಿಸುವವನು. ಯಾವ ಗದ್ದೆಗೆ ಎಷ್ಟು ನೀರು ಅನ್ನುವುದು ಅವನ ಲೆಕ್ಕ. ಕಿಡ್ನಿಯಲ್ಲಿ ಈ ತೂಬುಗಳಿರುವ ಜಾಗಕ್ಕೆ ಕಲೆಕ್ಟಿಂಗ್ ಡಕ್ಟ್ ಅನ್ನುತ್ತಾರೆ, ಸಂಗ್ರಹ ನಾಳ. ಮೂತ್ರ ಹೊರಗೆ ಹೊರಡುವ ಮುಂಚಿನ ಕೊನೆಯ ಕಾಲುವೆ ಅದು.

ಎರಡು ಕಿಡ್ನಿ ಸೇರಿ ದಿನಕ್ಕೆ ಸುಮಾರು 180 ಲೀಟರ್ ಸೋಸುತ್ತವೆ. ಮನೆಗೆ ತರಿಸುವ 20 ಲೀಟರಿನ ಕ್ಯಾನ್ ಲೆಕ್ಕದಲ್ಲಿ ಒಂಬತ್ತು ಕ್ಯಾನ್! ಹೊರಗೆ ಹೋಗುವುದು ಒಂದೂವರೆ ಲೀಟರ್ ಆಸುಪಾಸು. ಜಾಸ್ತಿ ಪಾಲನ್ನು ಮೊದಲಿನ ಕೊಳವೆಗಳೇ ಕಣ್ಣುಮುಚ್ಚಿ ವಾಪಸ್ ಎಳೆದುಕೊಳ್ಳುತ್ತವೆ. ನೀವು ಇವತ್ತು ಒಂದು ಲೋಟ ಕುಡಿದಿರಾ, ಹತ್ತು ಲೋಟ ಕುಡಿದಿರಾ ಅಂತ ವಿಚಾರಿಸುವುದು ಈ ಕೊನೆಯ ನಾಳ ಮಾತ್ರ.

ಉಪ್ಪಿನಕಾಯಿಗೆ ಮಾವಿನಕಾಯಿ ಹೆಚ್ಚಿ ಉಪ್ಪು ಬೆರೆಸಿಟ್ಟರೆ ಬೆಳಗಾಗುವಷ್ಟರಲ್ಲಿ ನೀರು ಬಿಟ್ಟಿರುತ್ತದೆ. ಇಲ್ಲೂ ಅದೇ ಕತೆ. ನಾಳ ಕಿಡ್ನಿಯ ಒಳಕ್ಕೆ ಇಳಿದಂತೆಲ್ಲ ಸುತ್ತಲಿನ ಉಪ್ಪು, ಯೂರಿಯಾ ಗಟ್ಟಿಯಾಗುತ್ತಾ ಹೋಗುತ್ತವೆ. ತಳದಲ್ಲಿ ಆ ಗಾಢತೆ ರಕ್ತಕ್ಕಿಂತ ನಾಲ್ಕು ಪಟ್ಟು ಆಗಬಹುದು. ನಾಳದೊಳಗಿನ ನೀರನ್ನು ಆ ಉಪ್ಪು ಸೆಳೆಯುತ್ತಲೇ ಇರುತ್ತದೆ. ಆದರೆ ಗೋಡೆ ಸುಮ್ನೆ ಬಿಡುವುದಿಲ್ಲ, ತೂಬು ಎತ್ತಬೇಕು.

ಈ ತೂಬಿನ ಹೆಸರು ಆಕ್ವಪೋರಿನ್, ನೀರು ಹಾಯಲು ಬಿಡುವ ಒಂದು ಪ್ರೋಟೀನ್. ರಕ್ತ ಶೇಕಡಾ ಒಂದೆರಡರಷ್ಟು ಗಟ್ಟಿಯಾದರೂ ಸಾಕು, ಮೆದುಳಿಗೆ ಗೊತ್ತಾಗುತ್ತದೆ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ವಾಸೊಪ್ರೆಸಿನ್ ಅನ್ನುವ ಹಾರ್ಮೋನ್ ಹೊರಡುತ್ತದೆ. ಅದು ಬಂದು ತಟ್ಟಿದರೆ, ನಾಳದ ಕೋಶಗಳು ಒಳಗೆ ಬಚ್ಚಿಟ್ಟುಕೊಂಡ ತೂಬುಗಳನ್ನು ತಂದು ಗೋಡೆಗೆ ಜೋಡಿಸುತ್ತವೆ. ನೀರು ಮೈಗೆ ವಾಪಸ್. ಅದಕ್ಕೇ ಬೆಳಗಿನ ಮೊದಲ ಮೂತ್ರ ಅಷ್ಟು ಹಳದಿ. ಎದ್ದ ತಕ್ಷಣ ಎರಡು ಚೊಂಬು ನೀರು ಕುಡಿದಿರಿ ಅಂತಿಟ್ಟುಕೊಳ್ಳಿ. ಹಾರ್ಮೋನ್ ಇಳಿಯುತ್ತದೆ, ತೂಬುಗಳು ಒಳಗೆ ಸರಿಯುತ್ತವೆ, ಅರ್ಧ ಗಂಟೆಯಲ್ಲಿ ನೀವು ಬಚ್ಚಲ ಕಡೆ ಓಡುತ್ತೀರಿ. ಗುಂಡು ಹಾಕಿದವರು ಪದೇ ಪದೇ ಎದ್ದುಹೋಗುವುದೂ ಇದಕ್ಕೇ. ಮದ್ಯ ಈ ಹಾರ್ಮೋನನ್ನೇ ಅದುಮಿಬಿಡುತ್ತದೆ.

ಈ ಜಾತಿಯ ತೂಬು ಪತ್ತೆಯಾದ ರೀತಿ ನನಗೆ ತುಂಬಾ ಇಷ್ಟ. ಅಮೆರಿಕದ ವಿಜ್ಞಾನಿ ಪೀಟರ್ ಆಗ್ರೆ ಹುಡುಕುತ್ತಿದ್ದದ್ದು ರಕ್ತದ ಆರ್‌ಎಚ್ ಗುಂಪಿನ ಪ್ರೋಟೀನನ್ನು. ಜೊತೆಗೆ ಬೇರೇನೋ ಒಂದು ಅಂಟಿಕೊಂಡು ಬಂತು. ಅದನ್ನು ಕಪ್ಪೆಯ ಮೊಟ್ಟೆಯಲ್ಲಿ ತಯಾರಾಗುವಂತೆ ಮಾಡಿ, ಮೊಟ್ಟೆಯನ್ನು ತಿಳಿನೀರಿಗೆ ಬಿಟ್ಟರು. ಮೊಟ್ಟೆ ಉಬ್ಬಿ ಉಬ್ಬಿ ಪಟ್ ಅಂತ ಒಡೆಯಿತು. ಇದನ್ನು ಪ್ರಕಟಿಸಿದ್ದು 1992ರಲ್ಲಿ, ನೊಬೆಲ್ ಬಂದದ್ದು 2003ರಲ್ಲಿ.

ಈಗ ದಿನಕ್ಕೆ ಎಂಟು ಲೋಟ ನೀರು ಕುಡಿಯಲೇಬೇಕು ಅನ್ನುವ ಮಾತಿಗೆ ಬರೋಣ. ಅಮೆರಿಕದಲ್ಲಿ ಬ್ರಾಟಲ್‌ಬರೋ ಅಂತ ಒಂದು ಇಲಿ ತಳಿ ಇದೆ. ಅವಕ್ಕೆ ಹುಟ್ಟಿನಿಂದಲೇ ವಾಸೊಪ್ರೆಸಿನ್ ಇಲ್ಲ. ನೀರುಗಂಟಿಯೇ ಇಲ್ಲದ ಕೆರೆ. ತಮ್ಮ ತೂಕದ ಮುಕ್ಕಾಲು ಪಾಲಿನಷ್ಟು ನೀರನ್ನು ಒಂದೇ ದಿನದಲ್ಲಿ ಕುಡಿದು, ಹಾಗೇ ಹೊರಗೆ ಬಿಡುತ್ತವೆ. 60ರ ದಶಕದಿಂದ ಆ ಇಲಿಗಳ ಜೊತೆ ಕೆಲಸ ಮಾಡಿದವರು ಡಾರ್ಟ್‌ಮತ್‌ನ ಮೆಡಿಕಲ್ ಸ್ಕೂಲಿನ ಕಿಡ್ನಿ ವಿಜ್ಞಾನಿ ಹೈಂಜ್ ವಾಲ್ಟಿನ್. ಅವರೇ 2002ರಲ್ಲಿ ಕೂತು ಹುಡುಕಿದರು, ಈ ಎಂಟು ಲೋಟಕ್ಕೆ ಆಧಾರ ಎಲ್ಲಿದೆ ಅಂತ. ಆರೋಗ್ಯವಂತರಿಗೆಲ್ಲ ಅದು ಬೇಕು ಅನ್ನುವ ಪುರಾವೆ ಸಿಗಲಿಲ್ಲ. 1945ರಲ್ಲಿ ಅಮೆರಿಕದ ಫುಡ್ ಅಂಡ್ ನ್ಯೂಟ್ರಿಷನ್ ಬೋರ್ಡ್ ಕೊಟ್ಟ ಸಲಹೆಯಲ್ಲಿ ದಿನಕ್ಕೆ ಎರಡೂವರೆ ಲೀಟರ್ ಅಂತ ಇತ್ತು, ನಿಜ. ಅದರ ಬಹುಪಾಲು ಊಟದಲ್ಲೇ ಇರುತ್ತದೆ ಅಂತಲೂ ಅಲ್ಲೇ ಬರೆದಿತ್ತು. ಆ ಸಾಲನ್ನು ಎಲ್ಲರೂ ನುಂಗಿಬಿಟ್ಟರು. ನಮ್ಮ ಸಾರು, ಮಜ್ಜಿಗೆ, ಕಾಫಿ ಎಲ್ಲವೂ ಲೆಕ್ಕಕ್ಕೆ ಬರುತ್ತವೆ ಸ್ವಾಮಿ.

ನನ್ನ ಅಭಿಪ್ರಾಯ ಇಷ್ಟೇ. ಆರೋಗ್ಯ ಸರಿಯಿದ್ದು, ಹತ್ತಿರದಲ್ಲಿ ನೀರಿದ್ದರೆ, ಬಾಯಾರಿದಾಗ ಕುಡಿಯಿರಿ. ಕಿಡ್ನಿ ಕಲ್ಲು ಆದವರು, ಬಿಸಿಲಿನಲ್ಲಿ ದುಡಿಯುವವರು, ಬಾಯಾರಿಕೆ ಅಷ್ಟಾಗಿ ಗೊತ್ತಾಗದ ವಯಸ್ಸಾದವರು, ಇವರ ಲೆಕ್ಕ ಬೇರೆ. ಹೃದಯದ ಅಥವಾ ಕಿಡ್ನಿಯ ತೊಂದರೆ ಇದ್ದರೆ ಡಾಕ್ಟರ್ ಹೇಳಿದಷ್ಟು. ಅತಿಯಾಗಿ ಕುಡಿಯುವುದೂ ಆಟವಲ್ಲ. ರಕ್ತದ ಸೋಡಿಯಂ ಇಳಿದು ಮ್ಯಾರಥಾನ್ ಓಡುವವರು ಸತ್ತದ್ದಿದೆ.

ಆದರೆ ನೀರುಗಂಟಿಗೂ ಒಂದು ಮಿತಿ ಇದೆ. ತೂಬನ್ನೆಲ್ಲ ಎತ್ತಿ ನೀರು ಉಳಿಸಿದರೂ, ಮೈಯ ಕಸ ಹೊರಹಾಕಲು ದಿನಕ್ಕೆ ಕಡಿಮೆಯೆಂದರೆ ಅರ್ಧ ಲೀಟರ್ ಮೂತ್ರ ಹೋಗಲೇಬೇಕು. ನನ್ನ ಚಿಕ್ಕಮ್ಮ ಟೀಚರ್. ಬೆಳಿಗ್ಗೆ ಒಂದು ಲೋಟ ಕಾಫಿ ಕುಡಿದು ಹೊರಟರೆ ಸಂಜೆವರೆಗೆ ಒಂದು ತೊಟ್ಟು ನೀರು ಮುಟ್ಟುವುದಿಲ್ಲ. ಬಾಯಾರಿಕೆ ಇಲ್ಲ ಅಂತಲ್ಲ. ಶಾಲೆಯ ಟಾಯ್ಲೆಟ್ಟಿಗೆ ಹೋಗುವ ಹಾಗಿಲ್ಲ. ಮೂವತ್ತು ವರ್ಷದಿಂದ ಅವರ ನೀರುಗಂಟಿ ಓವರ್‌ಟೈಮ್ ಮಾಡುತ್ತಿದ್ದಾನೆ. ಹೋದ ವರ್ಷ ಕಿಡ್ನಿಯಲ್ಲಿ ಕಲ್ಲು ಅಂದರು.

ನಾನು ಜಾಣನ ಹಾಗೆ ಅವರ ಫೋನಿಗೂ ಆ ಆ್ಯಪ್ ಹಾಕಿಕೊಟ್ಟೆ. ಟಿಂಗ್ ಅಂತು. ಚಿಕ್ಕಮ್ಮ ಕನ್ನಡಕ ಏರಿಸಿ ಓದಿ, ಫೋನು ನನ್ನ ಕೈಗೇ ಕೊಟ್ಟರು. "ಚಿಲಕ ಇರೋ ಬಾಗಿಲು ಎಲ್ಲಿದೆ ಅಂತ ಕೇಳು ಇದನ್ನ."