ಹಾವಿನ ಗೂಡಿಗೆ ಶಾಖ: ಹೀಟ್ ಮ್ಯಾಟ್ ತೆಗೆದು ಹ್ಯಾಲೋಜೆನ್ ಯಾಕೆ ಹಾಕಿದೆ

ಹೊಟ್ಟೆ ಭಾಗನ ಹತ್ತಿರದಿಂದ ತೋರಿಸ್ತೀನಿ, ನೋಡಿ. ಅಗಲವಾದ ಬಿಳಿ ಹುರುಪೆಗಳ ಸಾಲಲ್ಲಿ ಈ ನಾಲ್ಕು ಮಾತ್ರ ಸ್ವಲ್ಪ ಮಸುಕು. ಹೋದ ವರ್ಷ ಇವು ಕಂದು ಬಣ್ಣಕ್ಕೆ ತಿರುಗಿ, ಅಂಚು ಎದ್ದು ನಿಂತಿದ್ವು. ಸುಟ್ಟ ಗಾಯ. ಸುಟ್ಟಿದ್ದು ನಾನೇ ತಂದು ಹಾಕಿದ್ದ ಹೀಟ್ ಮ್ಯಾಟ್, ಅಂದ್ರೆ ಗೂಡಿನ ಗಾಜಿನ ತಳದ ಕೆಳಗೆ ಅಂಟಿಸೋ, ಕರೆಂಟಲ್ಲಿ ಕಾಯೋ ಹಾಳೆ.

ಬಿಸಿ ನೋಡಿ ಕರೆಂಟ್ ಹಿಡಿತದಲ್ಲಿಡೋ ಥರ್ಮೋಸ್ಟ್ಯಾಟ್ ಇರಲಿಲ್ವಾ ಅಂತ ಕೇಳ್ತೀರಿ. ಇತ್ತು. ಅದರ ಪ್ರೋಬನ್ನ, ಅಂದ್ರೆ ಬಿಸಿ ಅಳೆಯೋ ತಂತಿಯ ತುದಿನ, ಗೂಡಿನ ಒಳಗೆ, ಮ್ಯಾಟ್ ಇರೋ ಕಡೆ, ಹಾಸಿನ ಕೆಳಗೆ ಸುಮ್ನೆ ಇಟ್ಟಿದ್ದೆ. ರಾತ್ರಿ ಹಾವು ಹಾಸು ಬಗೆದು ಅದನ್ನ ಪಕ್ಕಕ್ಕೆ ತಳ್ಳಿದೆ. ತಣ್ಣಗಿರೋ ಜಾಗದಲ್ಲಿ ಬಿದ್ದ ಪ್ರೋಬ್ 26 ಡಿಗ್ರಿ ಅಂತ ತೋರಿಸ್ತಾ ಇತ್ತು, ಮ್ಯಾಟ್‌ಗೆ ಕರೆಂಟ್ ಹೋಗ್ತಾನೇ ಇತ್ತು. ಬೆಳಗ್ಗೆ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ನೋಡಿದ್ರೆ ಗಾಜು 46 ಡಿಗ್ರಿ. ಹಾವು ಅದರ ಮೇಲೇ ಸುರುಳಿ ಸುತ್ಕೊಂಡು ಮಲಗಿತ್ತು. ಕೆಳಗಿನ ಬಿಸಿ ಮೈ ಸುಡ್ತಿದ್ರೂ ಎಷ್ಟೋ ಸಲ ಹಾವುಗಳು ಜಾಗ ಬಿಟ್ಟು ಏಳಲ್ಲ. ಪಶುವೈದ್ಯರ ಔಷಧಿ ಹಚ್ಚಿ, ಕೆಲವು ಸಲ ಪೊರೆ ಬಿಟ್ಟ ಮೇಲೆ ಈಗ ಇಷ್ಟು ವಾಸಿಯಾಗಿದೆ.

ಹಾವಿಗೆ ಶಾಖ ಅಂದ್ರೆ ಬರೀ ಚಳಿ ತಪ್ಪಿಸೋದಲ್ಲ. ತಿಂದ ಇಲಿ ಅರಗೋಕೂ ಹೊರಗಿನ ಬಿಸಿ ಬೇಕು. ಸಾಲದೆ ಹೋದ್ರೆ ಕಕ್ಕಿಬಿಡಬಹುದು, ಉಸಿರಾಟದ ಸೋಂಕೂ ಬರಬಹುದು. ಇದು ಬಾಲ್ ಪೈಥಾನ್, ಹೆಬ್ಬಾವಿನ ಒಂದು ಚಿಕ್ಕ ಜಾತಿ. ಇದಕ್ಕೆ ಬಿಸಿ ತುದಿ 31ರಿಂದ 33 ಡಿಗ್ರಿ, ತಂಪು ತುದಿ 24ರಿಂದ 27 ಇಟ್ಟಿದೀನಿ. ಜನ ಸಾಕೋ ಇನ್ನೊಂದು ಹಾವು ಕಾರ್ನ್ ಸ್ನೇಕ್‌ಗೆ ಇದಕ್ಕಿಂತ ಸ್ವಲ್ಪ ಕಮ್ಮಿ ಸಾಕು. ಎರಡೂ ತುದಿಯಲ್ಲಿ ಬಚ್ಚಿಟ್ಕೊಳ್ಳೋಕೆ ಒಂದೊಂದು ಡಬ್ಬಿ ಇರಲೇಬೇಕು. ಇಲ್ಲಾಂದ್ರೆ ಹೆದರಿಕೆಗೆ ಬೇಡದ ಕಡೆನೇ ಅವಿತು ಕೂತುಬಿಡುತ್ತೆ.

ಮ್ಯಾಟ್ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಪ್ಲಾಸ್ಟಿಕ್ ಟಬ್‌ನಲ್ಲಿ ಸಾಕೋರಿಗೆ ಮೇಲೆ ಬಲ್ಬ್ ಹಾಕೋಕಾಗಲ್ಲ, ಕರಗಿಹೋಗುತ್ತೆ. ಅವರಿಗೆ ಮ್ಯಾಟೇ ಗತಿ. ಆದ್ರೆ ಅದು ತಳದ ಮೂರನೇ ಒಂದು ಭಾಗ ಮುಚ್ಚಿದ್ರೆ ಸಾಕು, ಪ್ರೋಬ್ ಗೂಡಿನ ಹೊರಗೆ ಮ್ಯಾಟ್‌ಗೇ ಅಂಟಿರಲಿ, ಹಾಸು ತೆಳ್ಳಗಿರಲಿ. ದಪ್ಪ ಹಾಸು ಹಾಕಿದ್ರೆ ಮೇಲೆ ಬಿಸಿ ತಟ್ಟಲ್ಲ, ಕೆಳಗೆ ಗಾಜು ಮಾತ್ರ ಕಾಯುತ್ತೆ. ಮ್ಯಾಟ್ ಗಾಳಿಯನ್ನ ಬಿಸಿ ಮಾಡಲ್ಲ ಅನ್ನೋದೂ ನೆನಪಿರಲಿ. ತಣ್ಣಗಿನ ಕೋಣೆಯಲ್ಲಿ ಅದೊಂದೇ ಸಾಲಲ್ಲ.

ನಾನು ಹ್ಯಾಲೋಜೆನ್ ಬಲ್ಬ್‌ಗೆ ಬಂದಿದ್ದು ಅದರ ಶಾಖ ಬಿಸಿಲಿನ ಹಾಗೆ ಮೇಲಿಂದ ಬಿದ್ದು, ಚರ್ಮ ದಾಟಿ ಒಳಗಿನ ಮಾಂಸಖಂಡದವರೆಗೂ ಇಳಿಯುತ್ತೆ ಅನ್ನೋ ಕಾರಣಕ್ಕೆ. ಸೆರಾಮಿಕ್ ಹೀಟರ್ ಕಾಯಿಸೋದು ಹೆಚ್ಚಾಗಿ ಮೈಯ ಹೊರಪದರ ಮತ್ತು ಗಾಳಿ. ಗೂಡಿನ ತೇವಾನೂ ಬೇಗ ಒಣಗಿಸುತ್ತೆ. ಆದ್ರೆ ಬೆಳಕು ಕೊಡಲ್ಲ, ಅದಕ್ಕೇ ಚಳಿ ರಾತ್ರಿಗಳಿಗೆ ಅಂತ ಒಂದು ಇಟ್ಕೊಂಡಿದೀನಿ. ಬೆಳಕೂ ಇಲ್ಲದೆ ಒಳಗೆ ಇಳಿಯೋ ಶಾಖನೂ ಬೇಕಂದ್ರೆ ಡೀಪ್ ಹೀಟ್ ಪ್ರೊಜೆಕ್ಟರ್ ಇದೆ. ದೊಡ್ಡ ಗೂಡಿಗೆ, ಮರ ಹತ್ತೋ ಜಾತಿಗೆ ಚಾವಣಿಗೆ ಹಾಕೋ ರೇಡಿಯಂಟ್ ಪ್ಯಾನೆಲ್. ರಾತ್ರಿಗೆ ಅಂತ ಮಾರೋ ಕೆಂಪು ಬಲ್ಬ್ ಬೇಡ, ಹಾವಿನ ಹಗಲು ರಾತ್ರಿ ಕೆಡುತ್ತೆ. ಬಿಸಿ ಕಲ್ಲು ಅಂತ ಕರೆಂಟಲ್ಲಿ ಕಾಯೋದೊಂದು ಬರುತ್ತಲ್ಲ, ಅದನ್ನಂತೂ ಮುಟ್ಟಲೇಬೇಡಿ.

ಯಾವುದೇ ಹಾಕಿ, ಥರ್ಮೋಸ್ಟ್ಯಾಟ್ ಅದಕ್ಕೆ ಹೊಂದಬೇಕು. ಹ್ಯಾಲೋಜೆನ್‌ಗೆ ಡಿಮ್ಮಿಂಗ್ ಥರದ್ದೇ, ಅಂದ್ರೆ ಕರೆಂಟನ್ನ ನಿಧಾನಕ್ಕೆ ಏರಿಸಿ ಇಳಿಸೋದೇ ಆಗಬೇಕು, ಆನ್-ಆಫ್ ಆಗೋದನ್ನ ಹಾಕಿದ್ರೆ ದಿನವಿಡೀ ಹತ್ತಿ ಆರಿ, ಬಲ್ಬೂ ಬೇಗ ಹೋಗುತ್ತೆ. ಸೆರಾಮಿಕ್‌ಗೆ ಕರೆಂಟನ್ನ ಬಿಟ್ಟು ಬಿಟ್ಟು ಕೊಡೋ ಪಲ್ಸ್ ಥರದ್ದು ಒಳ್ಳೇದು. ಮ್ಯಾಟ್‌ಗೆ ಆನ್-ಆಫ್ ನಡೆಯುತ್ತೆ.

ಈಗ ಮೇಲೆ ನೋಡಿ. ಬಲ್ಬ್ ಸುತ್ತ ತಂತಿ ಬಲೆ, ಹಾವು ಹೋಗಿ ಸುತ್ಕೊಳ್ಳದ ಹಾಗೆ. ಪ್ರೋಬ್‌ನ ಗೋಡೆಗೆ ಕ್ಲಿಪ್ ಹೊಡೆದು ಸ್ಕ್ರೂ ಹಾಕಿದೀನಿ, ವಾರಕ್ಕೊಮ್ಮೆ ಎಳೆದು ನೋಡ್ತೀನಿ. ಬಲ್ಬ್‌ನ ನೇರ ಕೆಳಗೆ ಚಪ್ಪಡಿ ಕಲ್ಲು, ಅಲ್ಲಿ ಈಗ 32 ಡಿಗ್ರಿ. ಇನ್ನೇನು ಟೈಮರ್ ಬಲ್ಬ್ ಆರಿಸುತ್ತೆ. ಕಲ್ಲು ಮಾತ್ರ ಇನ್ನೂ ಸ್ವಲ್ಪ ಹೊತ್ತು ಬೆಚ್ಚಗಿರುತ್ತೆ. ಕತ್ತಲಾಗ್ತಿದ್ದ ಹಾಗೆ ಡಬ್ಬಿಯಿಂದ ತಲೆ ಹೊರಗೆ ಬರುತ್ತೆ, ನಾಲಿಗೆ ಎರಡು ಸಲ ಆಡಿಸುತ್ತೆ, ನಿಧಾನಕ್ಕೆ ಮೈ ಪೂರ್ತಿ ಆ ಕಲ್ಲಿನ ಮೇಲೆ ಚಾಚಿ ಮಲಗುತ್ತೆ. ಬಂತು ನೋಡಿ.