ನೆರಳಿನ ಮೂಲೆಗೆ ದೊಡ್ಡೆಲೆಯ ನೀಲಿ ಹೋಸ್ಟಾ

ಕೇಳುಗರೆಲ್ಲರಿಗೂ ನಮಸ್ಕಾರ.

ಅಮೆರಿಕದ ಮಿಷಿಗನ್, ಒಹಾಯೊ, ಮಿನೆಸೋಟ ಕಡೆ ಮನೆ ಮಾಡಿಕೊಂಡಿರುವ ನಮ್ಮವರ ಹಿತ್ತಲಿಗೆ ಹೋದರೆ, ಬಿಸಿಲು ಬೀಳುವ ಕಡೆ ಒಂದಂಗುಲ ಜಾಗವನ್ನೂ ಬಿಟ್ಟಿರುವುದಿಲ್ಲ. ಮೆಂತ್ಯ, ಬದನೆ, ಹೀರೆ, ಚಪ್ಪರದವರೆ ಎಲ್ಲವೂ ಅಲ್ಲೇ. ಮನೆಯ ಉತ್ತರದ ಗೋಡೆಯ ಪಕ್ಕವನ್ನು ಮಾತ್ರ ಕೇಳುವವರಿಲ್ಲ. ಅಲ್ಲಿ ಹುಲ್ಲು ನೆಟ್ಟಗೆ ಬರುವುದಿಲ್ಲ, ನೆಲ ಪಾಚಿಗಟ್ಟಿರುತ್ತದೆ, ಕಸದ ಡಬ್ಬಗಳು ಸಾಲಾಗಿ ನಿಂತಿರುತ್ತವೆ. ಆ ಜಾಗಕ್ಕೇ ಹೇಳಿ ಮಾಡಿಸಿದ ಗಿಡವೊಂದಿದೆ, ಹೋಸ್ಟಾ. ಇದರಲ್ಲಿ ಸಾವಿರಾರು ತಳಿಗಳಿವೆ. ಅಂಗೈಯಗಲ ಮೀರದ ಕುಳ್ಳ ಗಿಡಗಳಿವೆ, ಬಿಳಿ ಅಂಚಿನವಿವೆ, ಚಿನ್ನದ ಬಣ್ಣದವಿವೆ. ನಾನು ಇವತ್ತು ಮಾತಾಡುವುದು ಎದೆ ಮಟ್ಟಕ್ಕೆ ಬರಲು ಹವಣಿಸುವ, ನೀಲಿ ಎಲೆಯ ದೊಡ್ಡ ಹೋಸ್ಟಾಗಳ ಬಗ್ಗೆ ಮಾತ್ರ.

ಇವುಗಳ ಮೂಲ ಜಪಾನಿನ ಹೊಂಶು ದ್ವೀಪದ ಬೆಟ್ಟಗಾಡು. ನಾಗಸಾಕಿ ಬಂದರಿನ ದೆಜಿಮಾದಲ್ಲಿದ್ದ ಡಚ್ಚರ ಕೋಠಿಗೆ 1823ರಲ್ಲಿ ವೈದ್ಯನಾಗಿ ಬಂದ ಫಿಲಿಪ್ ಫ್ರಾನ್ಜ್ ಫಾನ್ ಸೀಬೋಲ್ಟ್ ಎಂಬ ಜರ್ಮನ್ ರೋಗಿಗಳನ್ನು ನೋಡುವುದರ ಜೊತೆಗೆ ಸಿಕ್ಕಸಿಕ್ಕ ಗಿಡಗಳನ್ನೆಲ್ಲ ಕೂಡಿಹಾಕಿದ. ಜಪಾನಿನ ನಕಾಶೆ ಇಟ್ಟುಕೊಂಡಿದ್ದಾನೆಂದು ಗೂಢಚಾರಿಕೆಯ ಆರೋಪ ಹೊರಿಸಿ 1829ರಲ್ಲಿ ಅವನನ್ನು ಗಡಿಪಾರು ಮಾಡಿದರು. ಗಿಡಗಳು ಹಾಲೆಂಡಿನ ಲೈಡನ್ ಸೇರಿದವು. ದೊಡ್ಡ ನೀಲಿ ಎಲೆಯ ಜಾತಿಗೆ ಇಂದಿಗೂ ಅವನ ಹೆಸರೇ, ಹೋಸ್ಟಾ ಸೀಬೋಲ್ಡಿಯಾನ. ಅದರಿಂದ 1905ರಲ್ಲಿ ಜರ್ಮನಿಯ ಗಿಯೋರ್ಗ್ ಆರೆಂಡ್ಸ್ ಎಂಬ ತೋಟಗಾರ ಹೊರತಂದ ‘ಎಲಿಗನ್ಸ್’ ತಳಿ ಇವತ್ತಿಗೂ ನರ್ಸರಿಗಳಲ್ಲಿ ಸಿಗುತ್ತದೆ. ಮೊದಲ ಸಲ ನೆಡುವವರಿಗೆ ನಾನು ಹೇಳುವುದೂ ಅದನ್ನೇ. ಬೆಲೆ ಕಡಿಮೆ, ಗಿಡ ಗಟ್ಟಿ.

ಈಗ ಆ ನೀಲಿಯ ವಿಷಯಕ್ಕೆ ಬರೋಣ. ಅದು ಎಲೆಯೊಳಗಿನ ಬಣ್ಣವಲ್ಲ. ಎಲೆ ಹಸಿರೇ. ಅದರ ಮೈಮೇಲೆ ಕೂತಿರುವ ತೆಳ್ಳನೆ ಮೇಣ ಬೆಳಕನ್ನು ಚದುರಿಸುವುದರಿಂದ ನಮಗೆ ನೀಲಿ ಕಾಣುತ್ತದೆ. ಕರಿ ದ್ರಾಕ್ಷಿಯ ಮೇಲೆ ಬೂದಿ ಸವರಿದಂಥ ಪದರ ಇರುತ್ತದಲ್ಲ, ಅದೇ ಬಗೆಯದು. ಮೇ ಕೊನೆಯಲ್ಲಿ ಆಗಷ್ಟೇ ಅರಳಿದ ಎಲೆಯ ಮೇಲೆ ಹೆಬ್ಬೆರಳಿಟ್ಟು ಒಂದು ಸಲ ಒರೆಸಿ ನೋಡಿ. ಬೆರಳು ಹೋದಲ್ಲೆಲ್ಲ ಹಸಿರು ಪಟ್ಟಿ ಬೀಳುತ್ತದೆ, ಆ ಎಲೆ ಉದುರುವವರೆಗೂ ಹಾಗೇ ಉಳಿಯುತ್ತದೆ. ಬಂದ ನೆಂಟರೆಲ್ಲ ಎಲೆ ಸವರಿ ಹೋದರೆ ಜೂನ್ ಮುಗಿಯುವುದರೊಳಗೆ ನಿಮ್ಮ ನೀಲಿ ಗಿಡ ಹಸಿರು ಗಿಡವಾಗಿರುತ್ತದೆ. ಹಾಗಾಗಿ ಓಡಾಡುವ ದಾರಿಗೆ ತಾಗುವಂತೆ ಇದನ್ನು ನೆಡಬೇಡಿ, ಮಕ್ಕಳಿರುವ ಮನೆಯಲ್ಲಂತೂ ಬೇಡವೇ ಬೇಡ.

ಈ ಮೇಣದ ಮರ್ಮ ತಿಳಿದರೆ ಆರೈಕೆಯ ಅರ್ಧ ಪಾಠ ಮುಗಿಯಿತು. ಬೆಳಗಿನ ಎಳೆಬಿಸಿಲು ಒಂದೆರಡು ಗಂಟೆ ಬಿದ್ದರೆ ಗಿಡಕ್ಕೆ ಒಳ್ಳೆಯದೇ. ಮಧ್ಯಾಹ್ನದ ಬಿಸಿಲು ಮೇಣವನ್ನು ಕರಗಿಸಿ ಎಲೆಯಂಚನ್ನೂ ಸುಡುತ್ತದೆ. ನೀರನ್ನು ಬುಡಕ್ಕೆ ಹಾಕಿ. ಸ್ಪ್ರಿಂಕ್ಲರಿನ ನೀರು ದಿನವೂ ಎಲೆಗೆ ಬಡಿಯುತ್ತಿದ್ದರೆ ಮೇಣ ಸವೆಯುತ್ತದೆ. ಇನ್ನು ನಮ್ಮವರಿಗೆ ವಿಶೇಷವಾಗಿ ಹೇಳಬೇಕಾದ ಮಾತೊಂದಿದೆ. ಯಾವ ಗಿಡಕ್ಕೆ ಏನಾದರೂ ಬೇವಿನೆಣ್ಣೆ ಸಿಂಪಡಿಸುವುದು ನಮ್ಮ ಅಭ್ಯಾಸ. ಬೇವಿನೆಣ್ಣೆಯಾಗಲಿ ಸೋಪಿನ ನೀರಾಗಲಿ ಈ ಎಲೆಯ ಮೇಲೆ ಬಿತ್ತೋ, ನೀಲಿ ತೊಳೆದುಹೋಯಿತೆಂದೇ ತಿಳಿಯಿರಿ. ಇಷ್ಟೆಲ್ಲ ಕಾಪಾಡಿದರೂ ಆಗಸ್ಟ್ ಹೊತ್ತಿಗೆ ಗಿಡ ತಾನಾಗಿ ಹಸಿರಿಗೆ ತಿರುಗುತ್ತದೆ. ಅದು ರೋಗವಲ್ಲ, ಗಾಬರಿಬಿದ್ದು ಗೊಬ್ಬರ ಸುರಿಯಬೇಡಿ. ಮುಂದಿನ ವಸಂತಕ್ಕೆ ಹೊಸ ಎಲೆ, ಹೊಸ ಮೇಣ.

ನೆರಳು ಬೇಕೆಂದು ಮರದ ಬುಡಕ್ಕೇ ತಂದು ನೆಡುವವರಿದ್ದಾರೆ. ಯಾವ ಮರವೆಂದು ಮೊದಲು ನೋಡಿ. ಓಕ್ ಮರವಾದರೆ ಹೇಗೋ ನಡೆಯುತ್ತದೆ. ನಾರ್ವೆ ಮೇಪಲ್, ಸಿಲ್ವರ್ ಮೇಪಲ್‌ಗಳ ಬೇರು ನೆಲದ ಮೇಲ್ಪದರದಲ್ಲೇ ಹೆಣೆದುಕೊಂಡಿರುತ್ತದೆ. ನೀವು ಗುಂಡಿ ತೋಡಿ, ಒಳ್ಳೆ ಮಣ್ಣು, ಎಲೆಗೊಬ್ಬರ ತುಂಬಿಸಿ ಹೋಸ್ಟಾ ಕೂರಿಸುತ್ತೀರಿ. ಆ ಸಡಿಲ ಮಣ್ಣು, ಆ ತೇವ ಮೇಪಲ್ಲಿಗೆ ಹಬ್ಬದೂಟ. ಒಂದೆರಡು ವರ್ಷಕ್ಕೆ ಗುಂಡಿಯ ತುಂಬ ಅದರದೇ ಬೇರು. ದೊಡ್ಡದಾಗಬೇಕಿದ್ದ ಹೋಸ್ಟಾ ವರ್ಷ ವರ್ಷವೂ ಸಣ್ಣದಾಗುತ್ತ ಬರುತ್ತದೆ, ಮನೆಯವರು ನರ್ಸರಿಯವನನ್ನು ಬಯ್ಯುತ್ತಾರೆ. ಮೇಪಲ್ ಬಿಟ್ಟು ಬೇರೆ ನೆರಳಿಲ್ಲ ಅನ್ನುವವರು ದೊಡ್ಡ ಕುಂಡದಲ್ಲಿ ನೆಟ್ಟು, ಕುಂಡವನ್ನೇ ಮರದಡಿ ಇಡುವುದು ವಾಸಿ. ನೆಲದಲ್ಲಿ ನೆಡುವುದಾದರೆ ಗುಂಡಿ ಆಳಕ್ಕಿಂತ ಅಗಲವಾಗಿರಲಿ. ಒಂದಡಿ ಆಳ, ಎರಡೂವರೆ ಮೂರಡಿ ಅಗಲ. ಇದರ ಬೇರು ಹರಡುವುದು ಅಡ್ಡಕ್ಕೆ. ಮಳೆ ಬಾರದ ವಾರ ಒಂದಂಗುಲ ಮಳೆಗೆ ಸಮನಾದಷ್ಟು ನೀರು ಬೇಕು.

ಅಂಗಡಿಯಲ್ಲಿ ಚೀಟಿಯ ಮೇಲಿನ ಚಿತ್ರ ನೋಡಿ ಮರುಳಾಗುವುದು ಸಹಜ. ‘ಬ್ಲೂ ಏಂಜೆಲ್’ ಮೂರಡಿ ಎತ್ತರ, ನಾಲ್ಕೈದು ಅಡಿ ಅಗಲ ಬೆಳೆಯುತ್ತದೆ. ‘ಎಂಪ್ರೆಸ್ ವು’ ಅದಕ್ಕಿಂತ ದೊಡ್ಡದು, ನಾಲ್ಕಡಿ ಎತ್ತರ. ನೀಲಿ ಛಾಯೆಯಿದ್ದರೂ ನನ್ನ ಲೆಕ್ಕದಲ್ಲಿ ಅದು ಹಸಿರು ಗಿಡವೇ. ಇವೆಲ್ಲ ತಮ್ಮ ಪೂರ್ತಿ ಗಾತ್ರಕ್ಕೆ ಬರಲು ಐದರಿಂದ ಏಳು ವರ್ಷ ಬೇಕು. ಮೊದಲ ಎರಡು ಮೂರು ವರ್ಷ ಎಲೆ ಕಿರಿದಾಗಿ, ನುಣ್ಣಗೆ ಇರುತ್ತದೆ. ಬೇರೆ ಯಾವುದೋ ಗಿಡ ಕೊಟ್ಟು ಯಾಮಾರಿಸಿದರೇನೋ ಅನ್ನಿಸುತ್ತದೆ. ಆಮೇಲೆ ಎಲೆ ದುಂಡಗಾಗುತ್ತದೆ, ದಪ್ಪವಾಗುತ್ತದೆ, ನರಗಳ ನಡುವೆ ಉಬ್ಬಿ ನೆರಿಗೆಗಟ್ಟುತ್ತದೆ. ಈ ಮಧ್ಯೆ ನಮ್ಮ ಕೈ ಸುಮ್ಮನಿರಬೇಕಲ್ಲ! ಬುಡ ಸೀಳಿ ಅಕ್ಕಪಕ್ಕದವರಿಗೆ ಹಂಚುವ ಉತ್ಸಾಹ. ಸೀಳಿದಾಗಲೆಲ್ಲ ಗಿಡ ಮತ್ತೆ ಹಿಂದಕ್ಕೆ ಹೋಗುತ್ತದೆ. ಹಂಚಲೇಬೇಕೆಂದಿದ್ದರೆ ಅದಕ್ಕೇ ಬೇರೊಂದು ಗಿಡ ಇಟ್ಟುಕೊಳ್ಳಿ.

ದಪ್ಪ ಎಲೆಯಾದ್ದರಿಂದ ಇವಕ್ಕೆ ಗೊಂಡೆಹುಳುಗಳ, ಅಂದರೆ ಚಿಪ್ಪಿಲ್ಲದ ಬಸವನಹುಳುಗಳ (ಸ್ಲಗ್) ಕಾಟ ಕಡಿಮೆ. ಜಿಂಕೆಗೆ ಮಾತ್ರ ದಪ್ಪ, ತೆಳು ಎಂಬ ಭೇದವಿಲ್ಲ, ರಾತ್ರಿ ಬಂದರೆ ದಂಟು ಬಿಟ್ಟು ಉಳಿದದ್ದನ್ನೆಲ್ಲ ಮೇಯ್ದು ಹೋಗುತ್ತದೆ. ಬೇಲಿಯೊಂದೇ ನೆಚ್ಚಿಕೆಯ ಉಪಾಯ. ನಿಜವಾಗಿ ಅಂಜಬೇಕಾದ್ದು ‘ಹೋಸ್ಟಾ ವೈರಸ್ ಎಕ್ಸ್’ ಎಂಬ ರೋಗಕ್ಕೆ. 1996ರಲ್ಲಿ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಇದನ್ನು ಗುರುತಿಸಿದರು. ಎಲೆಯ ನರಗಳ ಪಕ್ಕದಲ್ಲಿ ಬೇರೆ ಬಣ್ಣ ಸೋರಿ ಹರಡಿದ ಹಾಗೆ ಕಂಡರೆ ಎಷ್ಟೇ ಅಗ್ಗವಾದರೂ ಆ ಗಿಡ ಕೊಳ್ಳಬೇಡಿ. ಇದು ಹಬ್ಬುವುದು ಕತ್ತರಿ, ಚಾಕುಗಳಿಗೆ ಅಂಟಿದ ರಸದಿಂದ. ಮದ್ದಿಲ್ಲ. ತಗುಲಿದ ಗಿಡವನ್ನು ಬೇರು ಸಮೇತ ಕಿತ್ತು ಕಸಕ್ಕೆ ಹಾಕಬೇಕು, ಗೊಬ್ಬರದ ಗುಂಡಿಗಲ್ಲ.

ಬೇಸಗೆಗೆ ಮಕ್ಕಳ ಮನೆಗೆ ಬರುವ ಉಡುಪಿ, ಮಂಗಳೂರು ಕಡೆಯ ಅಮ್ಮಂದಿರು ಈ ಎಲೆ ಕಂಡ ಕೂಡಲೆ ಕೇಳುವುದು ಒಂದೇ, ಇದರಲ್ಲಿ ಪತ್ರೊಡೆ ಮಾಡಬಹುದಾ ಅಂತ. ಪ್ರಶ್ನೆ ತಮಾಷೆಯದಲ್ಲ. ಜಪಾನಿನಲ್ಲಿ ವಸಂತದಲ್ಲಿ ಬರುವ ಇದರ ಎಳೆ ಚಿಗುರನ್ನು ‘ಉರುಯಿ’ ಎಂದು ಕರೆದು ಅಡುಗೆಗೆ ಬಳಸುತ್ತಾರೆ. ಬಲಿತ ಎಲೆಯನ್ನಲ್ಲ. ನರ್ಸರಿಯಲ್ಲಿ ಏನೇನು ಔಷಧ ಹೊಡೆದಿರುತ್ತಾರೋ ಗೊತ್ತಿಲ್ಲದ ಗಿಡವನ್ನು ನಾನಂತೂ ಒಲೆಗೇರಿಸುವುದಿಲ್ಲ. ನಾಯಿ, ಬೆಕ್ಕುಗಳಿಗೆ ಇದು ಆಗಿಬರುವುದೂ ಇಲ್ಲ, ತಿಂದರೆ ವಾಂತಿ ಭೇದಿ.

ಊರಿಗೆ ಹೋಗುವಾಗ ಒಂದು ಬೇರು ಕಟ್ಟಿಕೊಂಡು ಹೋಗಲೇ ಎಂದು ಕೇಳುವವರಿಗೂ ಉತ್ತರ ಹೇಳಿಬಿಡುತ್ತೇನೆ. ಪರವಾನಗಿಯಿಲ್ಲದೆ ಗಿಡ ಒಯ್ಯುವಂತಿಲ್ಲ ಅನ್ನುವುದು ಒಂದು. ಒಯ್ದರೂ ಬೆಂಗಳೂರಿನಲ್ಲಿ ಅದು ಬಾಳುವುದಿಲ್ಲ. ಹೋಸ್ಟಾಗೆ ವರ್ಷಕ್ಕೊಮ್ಮೆ ಗಾಢ ನಿದ್ರೆ ಬೇಕು, ನಾಲ್ಕೈದು ಡಿಗ್ರಿ ಸೆಲ್ಸಿಯಸ್ಸಿಗೂ ಕೆಳಗಿನ ಚಳಿ ವಾರಗಟ್ಟಲೆ ಬೇಕು. ಅದಿಲ್ಲದಿದ್ದರೆ ವರ್ಷದಿಂದ ವರ್ಷಕ್ಕೆ ಸೊರಗಿ ಹೋಗುತ್ತದೆ.

ಅಕ್ಟೋಬರಿನಲ್ಲಿ ಫ್ರಾಸ್ಟ್, ಅಂದರೆ ಹೆಪ್ಪುಗಟ್ಟಿದ ಇಬ್ಬನಿ, ಬಿದ್ದ ಮೇಲೆ ಎಲೆಗಳೆಲ್ಲ ಹಳದಿಯಾಗಿ ನೆಲಕ್ಕೆ ಮಲಗುತ್ತವೆ. ಅವನ್ನು ಗುಡಿಸಿ ತೆಗೆಯಿರಿ, ಗೊಂಡೆಹುಳು ಮೊಟ್ಟೆಯಿಡುವುದು ಅದರಡಿಯಲ್ಲೇ. ಗಿಡವಿದ್ದ ಜಾಗಕ್ಕೆ ಒಂದು ಕೋಲು ನೆಟ್ಟಿಡಿ, ಇಲ್ಲದಿದ್ದರೆ ಏಪ್ರಿಲಿನಲ್ಲಿ ನೀವೇ ಅಲ್ಲಿ ಗುದ್ದಲಿ ಹಾಕುತ್ತೀರಿ. ಚಿಗುರು ಬಿಚ್ಚಿದ ಮೇಲೂ ಮೇ ಮಧ್ಯದವರೆಗೆ ಹವಾಮಾನ ವರದಿ ಕೇಳುತ್ತಿರಿ. ರಾತ್ರಿ ಫ್ರಾಸ್ಟ್ ಎಂದರೆ ಹಳೆಯ ಬೆಡ್‌ಶೀಟೊಂದನ್ನು ಹೊದಿಸಿ, ಬೆಳಗಾದ ಮೇಲೆ ತೆಗೆಯಿರಿ. ಪ್ಲಾಸ್ಟಿಕ್ ಬೇಡ, ಅದು ಎಲೆಗೆ ತಾಗಿದಲ್ಲಿ ಚಳಿ ಹಾಗೇ ಒಳಗಿಳಿಯುತ್ತದೆ.

ನಮಸ್ಕಾರ.